ಎರಡು ಬಗೆಯ ಟಿಪ್ಪಣಿ

ನಾನು ನಿವೃತ್ತಿಯಾಗಿ ಮೂರು ವಾರವಾಗಿತ್ತಷ್ಟೇ. 2018ರ ಜುಲೈ. ನನ್ನ ತಮ್ಮ ಊರಿಂದ ಬೆಳಗಿನ ಬಸ್ಸಿಗೆ ಹಾಸನದ ನನ್ನ ಮನೆಗೆ ಬಂದು, ಕಾಫಿ ಕುಡಿಯುವ ಮೊದಲೇ ಜೇಬಿನಿಂದ ನಾಲ್ಕು ಮಡಿಕೆಯ ಪಹಣಿ ತೆಗೆದು ಟೀಪಾಯಿ ಮೇಲಿಟ್ಟ. ಹಿಂದಿನ ವರ್ಷ ಅಂಗಮಾರಿ ಹೊಡೆದು ಆಲೂಗೆಡ್ಡೆ ಹೋದಾಗ ಸಾಲಕ್ಕೆಂದು ಬ್ಯಾಂಕಿಗೆ ಹೋಗಿದ್ದನಂತೆ. ಅಲ್ಲಿಯವರು ಪಹಣಿ ನೋಡಿ, "ಖಾತೆದಾರರನ್ನ ಕರ್ಕೊಂಡು ಬನ್ನಿ, ಅವರ ಸಹಿ ಬೇಕು" ಅಂದರಂತೆ. ಖಾತೆದಾರರು ನಮ್ಮ ತಾತ. ತೀರಿಕೊಂಡದ್ದು 1979ರಲ್ಲಿ.

"ನೀನು ಕಂದಾಯ ಇಲಾಖೇಲೇ ಇದ್ದೆ ಅಲ್ವೇನೋ?" ಅಂದ ತಮ್ಮ. ಕೋಪವೇನೂ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಲಿಕ್ಕೇ ಕೇಳಿದ ಹಾಗಿತ್ತು. ಅದೇ ಹೆಚ್ಚು ಚುಚ್ಚಿತು.

ನಾನು ಬೆಂಗಳೂರಿನ ಸಚಿವಾಲಯಕ್ಕೆ ಸಹಾಯಕನಾಗಿ ಸೇರಿದ್ದು 1981ರಲ್ಲಿ. ಸಚಿವಾಲಯದವರು ಇಲಾಖೆಯಿಂದ ಇಲಾಖೆಗೆ ಅಲೆಯುತ್ತಲೇ ಇರಬೇಕು. ಆದರೂ ನನ್ನ 37 ವರ್ಷಗಳಲ್ಲಿ ಹೆಚ್ಚಿನವು ಕಳೆದದ್ದು ಕಂದಾಯದಲ್ಲೇ, ಬಹುಮಹಡಿ ಕಟ್ಟಡದ ಕಿಟಕಿ ಪಕ್ಕದ ಒಂದು ಮೇಜಿನಲ್ಲಿ. ನಾವು ಅದನ್ನು ಎಂಎಸ್ ಬಿಲ್ಡಿಂಗ್ ಅಂತಲೇ ಕರೆಯುವುದು. ಅಪ್ಪ ಬದುಕಿದ್ದಾಗ ಖಾತೆಯ ಮಾತೆತ್ತಿದರೆ, "ಇಲಾಖೆನೇ ನಿನ್ನ ಕೈಲಿದೆ, ಯಾವಾಗ್ಲಾದ್ರೂ ಮಾಡಿಸಿದ್ರಾಯ್ತು" ಅನ್ನುತ್ತಿದ್ದರು. 1996ರಲ್ಲಿ ಅಪ್ಪನೂ ಹೋದರು. ನಾನು ರಾಜ್ಯದ ಪೌತಿ ಖಾತೆಗಳೆಲ್ಲ, ಅಂದರೆ ಸತ್ತವರ ಹೆಸರಿನ ಜಮೀನು ವಾರಸುದಾರರ ಹೆಸರಿಗೆ ಆಗುವುದು, ಬೇಗ ಆಗಬೇಕು ಅಂತ ಟಿಪ್ಪಣಿ ಬರೆಯುತ್ತಾ ಕೂತಿದ್ದೆ. ದೀಪದ ಬುಡ ಕತ್ತಲೆ ಅನ್ನುವುದು ಹಳೇ ಮಾತು, ನನ್ನ ಮಟ್ಟಿಗೆ ಅದು ಸರ್ವೆ ನಂಬರಿನ ಸಮೇತ ನಿಜವಾಗಿತ್ತು.

ಮುಂದಿನ ಹನ್ನೊಂದು ತಿಂಗಳ ಕಥೆ ಇದು. ತಾಲ್ಲೂಕಿನ ಹೆಸರು ಹೇಳುವುದಿಲ್ಲ. ಅಲ್ಲಿ ಕೂತಿದ್ದವರ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ಕಾರಣ ಮುಂದೆ ಬರುತ್ತದೆ.

ಮೊದಲು ತಾತ ಸತ್ತಿದ್ದಾರೆ ಅಂತ ಸಾಬೀತು ಮಾಡಬೇಕಿತ್ತು. 1979ರಲ್ಲಿ ನಮ್ಮೂರಲ್ಲಿ ಯಾರೂ ಸಾವನ್ನು ಬರೆಸುತ್ತಿರಲಿಲ್ಲ. ಹನ್ನೊಂದನೇ ದಿನ ಊಟ ಹಾಕಿದರೆ ಅದೇ ನೋಂದಣಿ. ಒಂದು ವರ್ಷ ಮೀರಿದ ಮರಣವಾದರೆ ಆಗಿನ ಕಾಯ್ದೆ ಪ್ರಕಾರ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ದಾಖಲೆಯಲ್ಲಿ ಇಲ್ಲ ಎಂಬ ಹಿಂಬರಹ, ವಕೀಲರು, ಪತ್ರಿಕೆಯಲ್ಲೊಂದು ಪ್ರಕಟಣೆ, ತಾತನ ಮಣ್ಣಿಗೆ ಹೋಗಿದ್ದ ಇಬ್ಬರು ಮುದುಕರ ಸಾಕ್ಷ್ಯ. ಅವರಲ್ಲೊಬ್ಬರು ಕೋರ್ಟಿನ ಮೆಟ್ಟಿಲಲ್ಲಿ ಕೂತು, "ಅವನ್ ಸತ್ತಾಗ್ಲೂ ಇಷ್ಟ್ ಓಡಾಡಿರ್ಲಿಲ್ಲ ಕಣಪ್ಪ" ಅಂದರು. ಡಿಸೆಂಬರಿನಲ್ಲಿ ಆದೇಶ ಸಿಕ್ಕಿತು. ಅದು ಸುಲಭದ ಭಾಗ.

ವಂಶವೃಕ್ಷಕ್ಕೆ ಆಗಸ್ಟಿನಲ್ಲೇ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೆ. ಕೊಟ್ಟ ಕೂಡಲೇ ಹದಿನೈದು ಅಂಕಿಯ ಸಕಾಲ ಸಂಖ್ಯೆಯ ರಸೀದಿ ಬಂತು. ಅದನ್ನು ಕೈಯಲ್ಲಿ ಹಿಡಿದಾಗ ನನಗಾದ ಸಂತೋಷವನ್ನು ಕೌಂಟರಿನ ಹುಡುಗ ವಿಚಿತ್ರವಾಗಿ ನೋಡಿದ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಯೋಜನೆ ಇಡೀ ರಾಜ್ಯಕ್ಕೆ ಜಾರಿಯಾದದ್ದು 2012ರ ಏಪ್ರಿಲ್ 2ರಂದು, 11 ಇಲಾಖೆಗಳ 151 ಸೇವೆಗಳೊಂದಿಗೆ. ಆ ದಿನಗಳಲ್ಲಿ ನಮ್ಮ ಶಾಖೆಯಲ್ಲಿ ರಾತ್ರಿ ಎಂಟರವರೆಗೂ ದೀಪ ಉರಿಯುತ್ತಿತ್ತು. ಯಾವ ಸೇವೆಗೆ ಎಷ್ಟು ದಿನ, ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500, ಆ ದುಡ್ಡು ತಪ್ಪು ಮಾಡಿದ ಅಧಿಕಾರಿಯಿಂದ ವಸೂಲಿ. ಈ ಒಂದೊಂದು ಅಂಕಿಯ ಹಿಂದೆ ಟಿಪ್ಪಣಿಯಲ್ಲಿ ಎಷ್ಟು ಕಂಡಿಕೆ, ಅಂದರೆ ಪ್ಯಾರಾ, ಬರೆದಿದ್ದೆವು! ಸರ್ಕಾರಿ ಕೆಲಸಕ್ಕೆ ಮೊದಲ ಬಾರಿ ಗಡಿಯಾರ ಕಟ್ಟಿದ್ದೇವೆ ಅಂದುಕೊಂಡಿದ್ದೆವು. ಕಟ್ಟಿದ್ದೂ ನಿಜವೇ.

ಗಡುವಿನ ಕೊನೆಯ ದಿನ ನನ್ನ ಅರ್ಜಿ ತಿರಸ್ಕೃತವಾಯಿತು. ಕಾರಣ: ದಾಖಲೆ ಅಪೂರ್ಣ. ಯಾವ ದಾಖಲೆ ಅಂತ ಬರೆದಿರಲಿಲ್ಲ.

ಬೇರೆಯವರಾಗಿದ್ದರೆ ಕೂಗಾಡುತ್ತಿದ್ದರೇನೋ. ನನಗೆ ಆ ಕೈಚಳಕ ಕಂಡ ಕೂಡಲೇ ಗುರುತು ಸಿಕ್ಕಿತು, ಅದು ನನ್ನದೇ. ಸಚಿವಾಲಯದಲ್ಲಿ ತಿಂಗಳ ಕೊನೆಗೆ ಬಾಕಿ ಕಡತಗಳ ಪಟ್ಟಿ ಕೊಡಬೇಕು. 28, 29ನೇ ತಾರೀಕಿನ ಹೊತ್ತಿಗೆ ಶಾಖೆಯಲ್ಲಿ ನಲವತ್ತು ಕಡತ ಉಳಿದಿದ್ದರೆ ಏನು ಮಾಡುತ್ತಿದ್ದೆವು? "ಈ ಕೆಳಕಂಡ ಅಂಶದ ಬಗ್ಗೆ ಸ್ಪಷ್ಟೀಕರಣ ಕೋರಿ ಕಡತ ಹಿಂದಿರುಗಿಸಿದೆ." ಜಿಲ್ಲೆಗೊಂದು, ಆರ್ಥಿಕ ಇಲಾಖೆಗೊಂದು, ಕಾನೂನು ಇಲಾಖೆಗೊಂದು. ಒಂದನೇ ತಾರೀಕು ನಮ್ಮ ಪಟ್ಟಿಯಲ್ಲಿ ಬಾಕಿ ಒಂಬತ್ತು. ಮೇಲಿನವರು ಶಾಖೆಯನ್ನು ಹೊಗಳುತ್ತಿದ್ದರು. ಆ ನಲವತ್ತರಲ್ಲಿ ಯಾರದ್ದೋ ಒಂದು ಪಿಂಚಣಿ, ಯಾರದ್ದೋ ಒಂದು ಮೇಲ್ಮನವಿ ಇರುತ್ತಿತ್ತು. ಅವರೆಲ್ಲ ಇನ್ನೊಂದು ತಿಂಗಳು ಕಾದಿರಬೇಕು, ನನ್ನ ಹಾಗೆ ಯಾವುದೋ ಬಸ್ ಸ್ಟ್ಯಾಂಡಿನಲ್ಲಿ ಆ ಪತ್ರವನ್ನು ಎರಡೆರಡು ಸಲ ಓದುತ್ತಾ. ಗಡಿಯಾರ ಕಟ್ಟಿದವರಿಗೆ ಮುಳ್ಳು ಹಿಂದೆ ತಿರುಗಿಸುವುದೂ ಗೊತ್ತಿರುತ್ತದೆ ಅಂತ ನಾವು ಆ ಟಿಪ್ಪಣಿಯಲ್ಲಿ ಬರೆದಿರಲಿಲ್ಲ.

ಮತ್ತೆ ಅರ್ಜಿ. ಈ ಸಲ ಗ್ರಾಮ ಲೆಕ್ಕಿಗರನ್ನೇ ಕಂಡು ಬರೋಣ ಅಂತ ಹೋದೆ. ಆಗ ಇನ್ನೂ ಗ್ರಾಮ ಲೆಕ್ಕಿಗ ಅಂತಲೇ ಇತ್ತು. ಗ್ರಾಮ ಆಡಳಿತಾಧಿಕಾರಿ ಅನ್ನುವ ಹೆಸರು ಆಮೇಲೆ ಬಂತು. ವಿಜಯಪುರದ ಕಡೆಯ ಹುಡುಗಿ, ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಊರಿಂದ ಐದು ಮೈಲಿಯಾಚೆ ಒಂದು ಬಾಡಿಗೆ ಕೋಣೆ, ಒಂದು ಹಳೇ ಸ್ಕೂಟಿ, ಹೆಗಲಿಗೆ ಶಾಲೆ ಮಕ್ಕಳದ್ದರಂಥ ಚೀಲ. ನಾಲ್ಕು ಸಲ ಹೋದರೂ ಸಿಗಲಿಲ್ಲ. ಆಗಸ್ಟಿನಲ್ಲಿ ಕೊಡಗು ಮುಳುಗಿ, ಸಕಲೇಶಪುರದ ಘಾಟಿನಲ್ಲಿ ಗುಡ್ಡ ಜರಿದಾಗ ಮಳೆ ಹಾನಿಯ ಪಟ್ಟಿ ಮಾಡಲು ಹೋಗಿದ್ದಳು. ಅದು ಮುಗಿಯುವಷ್ಟರಲ್ಲಿ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ. ಆಮೇಲೆ ಹಾಸನಾಂಬ.

ಹಾಸನದಾಚೆಯವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಶ್ವೀಜದ ಹುಣ್ಣಿಮೆ ಕಳೆದ ಮೇಲೆ ಬರುವ ಗುರುವಾರ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ. ದೇವಿಯ ಒಡವೆ ಖಜಾನೆಯಿಂದ ಬರುತ್ತದೆ, ಬಾಗಿಲ ಮುಂದೆ ಬಾಳೆಕಂದು ಕಡಿಯುತ್ತಾರೆ, ದೀಪಾವಳಿ ಮುಗಿದ ಮೇಲೆ ಮುಚ್ಚಿದರೆ ಮತ್ತೆ ಮುಂದಿನ ವರ್ಷವೇ. ಜಿಲ್ಲಾಡಳಿತವೆಲ್ಲ ಆ ದಿನಗಳಲ್ಲಿ ಸರತಿ ಸಾಲಿನ ಬೊಂಬುಗಳ ನಡುವೆ ಇರುತ್ತದೆ. ನಾನೂ ದರ್ಶನಕ್ಕೆ ನಿಂತಿದ್ದೆ. ಮೂರು ಗಂಟೆ ನಿಂತ ಮೇಲೆ ಒಂದು ತಿರುವಿನಲ್ಲಿ ನೋಡಿದರೆ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು, "ಮುಂದ್ ನಡೀರಿ ಅವ್ವಾ, ನಿಂದ್ರಬ್ಯಾಡ್ರಿ" ಅನ್ನುತ್ತಾ ನಮ್ಮ ಗ್ರಾಮ ಲೆಕ್ಕಿಗಳೇ ನಿಂತಿದ್ದಾಳೆ. ನನ್ನನ್ನು ಕಂಡು ಗುರುತು ಹಿಡಿದು, "ಸರ, ಇದೊಂದು ಮುಗೀಲ್ರಿ" ಅಂದಳು. ದೇವರ ಎದುರಿಗೆ ಹೇಳಿದ ಮಾತು. ನಂಬಿದೆ.

ಮುಗಿಯಿತು, ಸಾಲಮನ್ನಾ ಶುರುವಾಯಿತು. ಪಹಣಿ, ಆಧಾರ್, ರೇಷನ್ ಕಾರ್ಡು ಹಿಡಿದು ರೈತರು ನಾಡಕಚೇರಿಯ ಮುಂದೆ ಬೆಳಗಿನ ಆರಕ್ಕೇ ಚಪ್ಪಲಿ ಇಟ್ಟು ಸಾಲು ಹಿಡಿಯುತ್ತಿದ್ದರು.

ಕೊನೆಗೆ ಡಿಸೆಂಬರಿನ ಒಂದು ಶನಿವಾರ ಅರಳಿಕಟ್ಟೆಯಲ್ಲಿ ಮಹಜರು ನಡೆಯಿತು. ವಂಶವೃಕ್ಷ ಓದಿ ಹೇಳಿದಳು: ತಾತ, ಅಜ್ಜಿ, ಅಪ್ಪ, ನಾವಿಬ್ಬರು, ತಂಗಿ. ಊರಿನ ಇಬ್ಬರು ಹಿರಿಯರು ಹೌದೌದು ಅಂದರು. ಅವಳು ಪೆನ್ನು ಕೆಳಗಿಟ್ಟು, "ನಿಮ್ಮ ಅಪ್ಪಾಜಿಗೆ ಅಕ್ಕ ತಂಗೇರು ಇದ್ದಿಲ್ಲೇನ್ರಿ?" ಅಂತ ಕೇಳಿದಳು. ಕಟ್ಟೆಯಲ್ಲಿ ಸದ್ದಿಲ್ಲ. ಇದ್ದರು. ಒಬ್ಬ ಅತ್ತೆ ಅರಕಲಗೂಡಿನಲ್ಲಿ ಮಗನ ಮನೆಯಲ್ಲಿದ್ದಾರೆ, ಎಂಬತ್ತು ದಾಟಿದೆ. ತಮ್ಮ ಅರ್ಜಿ ಬರೆಸುವಾಗ ಅವರನ್ನು ಬಿಟ್ಟಿದ್ದ. ನಾನು ಓದಿ ಸಹಿ ಹಾಕಿದ್ದೆ. ಗೊತ್ತಿಲ್ಲದೆ ಅಂತ ಹೇಳಲಾರೆ. "ಅವ್ರು ಯಾವತ್ತೂ ಕೇಳಿಲ್ಲ ಕಣಮ್ಮ, ಮದ್ವೇಲಿ ಎಲ್ಲಾ ಕೊಟ್ಟಾಗಿದೆ" ಅಂದರು ಊರಿನವರು. "ಕೇಳೂದು ಬಿಡೂದು ಅವರಿಗೆ ಬಿಟ್ಟಿದ್ದು. ಹೆಸರು ಬರೀಲಿಲ್ಲಂದ್ರ ನಾ ಸಹಿ ಹಾಕೂದಿಲ್ಲ" ಅಂದಳು. ಹೊಸ ವಂಶವೃಕ್ಷವನ್ನು ನಾನೇ ಅಲ್ಲೇ ಬರೆದೆ. ನನ್ನ ಅಕ್ಷರ ಸುಂದರವಾಗಿದೆ ಅಂತ ಸಚಿವಾಲಯದಲ್ಲಿ ಎಲ್ಲರೂ ಹೇಳುತ್ತಿದ್ದರು, ಆವತ್ತು ಸ್ವಲ್ಪ ನಡುಗಿತ್ತು.

ಮಹಜರು ಮುಗಿದ ಮೇಲೆ ತಮ್ಮನ ಹೆಂಡತಿ ಅಕ್ಕಿರೊಟ್ಟಿ ಕೊಟ್ಟಳು. ತಿನ್ನುತ್ತಾ ಕೇಳಿದೆ, ನಿಮ್ಮ ಬಳಿ ಈಗ ಏನೇನು ಕೆಲಸ ಇದೆಯಮ್ಮಾ ಅಂತ. ಚೀಲದಿಂದ ಒಂದು ಉದ್ದ ನೋಟುಬುಕ್ಕು ತೆಗೆದಳು. ಮಳೆ ಹಾನಿ, ಬೆಳೆ ಸಮೀಕ್ಷೆ, ಜಾತಿ ಆದಾಯದ ವಿಚಾರಣೆ, ಸಂಧ್ಯಾ ಸುರಕ್ಷಾ ಪಿಂಚಣಿಯವರು ಬದುಕಿದ್ದಾರೋ ಇಲ್ಲವೋ ನೋಡಿ ಬರುವುದು, ಒತ್ತುವರಿ, ಕೆರೆ ಪಟ್ಟಿ, ಕುಡಿಯುವ ನೀರು, ಮತದಾರರ ಪಟ್ಟಿ. ಒಂದೊಂದಕ್ಕೂ ಒಂದು ಸುತ್ತೋಲೆ, ಅದರ ಪ್ರತಿ ಪುಟದ ನಡುವೆ ಅಂಟಿಸಿತ್ತು. ಕೆಲವಕ್ಕೆ ಒಂದು ಮೊಬೈಲ್ ಆ್ಯಪ್ ಬೇರೆ. ಓದುತ್ತಾ ಹೋದೆ. ಇಲಾಖೆ ಬೇರೆ, ವರ್ಷ ಬೇರೆ, ಸಹಿ ಬೇರೆ. ಕೊನೆಯ ಕಂಡಿಕೆ ಮಾತ್ರ ಒಂದೇ: "ಸದರಿ ಕಾರ್ಯವನ್ನು ಸಂಬಂಧಿಸಿದ ಗ್ರಾಮ ಲೆಕ್ಕಿಗರ ಮೂಲಕ ನಿರ್ವಹಿಸತಕ್ಕದ್ದು."

ಅವುಗಳಲ್ಲಿ ಎರಡರ ಕರಡು ನನ್ನದು.

ಆ ವಾಕ್ಯ ಹೇಗೆ ಹುಟ್ಟುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಯೋಜನೆಯ ಕಡತ ವಿಷಯ ನಿರ್ವಾಹಕನಿಂದ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಪ್ರಧಾನ ಕಾರ್ಯದರ್ಶಿ ಅಂತ ಮೆಟ್ಟಿಲು ಹತ್ತುತ್ತದೆ. ಎಲ್ಲರೂ ಉದ್ದೇಶವನ್ನು ಮೆಚ್ಚುತ್ತಾರೆ. ಕೊನೆಗೆ ಯಾರೋ ಒಬ್ಬರು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಾರೆ, "ಅನುಷ್ಠಾನ ಯಾರಿಂದ?" ಕಡತ ಮತ್ತೆ ಇಳಿದು ನನ್ನ ಮೇಜಿಗೆ ಬರುತ್ತದೆ. ಸಂಜೆ ಐದೂವರೆ, ಬಿಎಂಟಿಸಿ ಬಸ್ಸು ತಪ್ಪಿದರೆ ಇನ್ನು ಮುಕ್ಕಾಲು ಗಂಟೆ. ಹೊಸ ಹುದ್ದೆ ಅಂತ ಬರೆದರೆ ಆರ್ಥಿಕ ಇಲಾಖೆಯ ಸಹಮತಿ ಬೇಕು, ಅದು ಆರು ತಿಂಗಳು. ಗ್ರಾಮ ಲೆಕ್ಕಿಗ ಅಂತ ಬರೆದರೆ ಯಾರ ಸಹಮತಿಯೂ ಬೇಡ. ಬರೆಯುತ್ತೇನೆ, ಬಸ್ಸು ಹಿಡಿಯುತ್ತೇನೆ. ನನ್ನ ಹಾಗೆ ಉಳಿದ ಇಲಾಖೆಗಳಲ್ಲೂ ಒಬ್ಬೊಬ್ಬರು ಬಸ್ಸು ಹಿಡಿದಿದ್ದಾರೆ. ಅವೆಲ್ಲ ಈ ಹುಡುಗಿಯ ಚೀಲಕ್ಕೆ ಬಂದು ಬಿದ್ದಿವೆ.

1963ರಲ್ಲಿ ಶಾನುಭೋಗ, ಪಟೇಲರ ವಂಶಪಾರಂಪರ್ಯ ಹುದ್ದೆ ಹೋಗಿ ಸಂಬಳದ ಗ್ರಾಮ ಲೆಕ್ಕಿಗ ಬಂದದ್ದು ದೊಡ್ಡ ಸುಧಾರಣೆಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ಶಾನುಭೋಗರ ಕಾಲದ ಅನ್ಯಾಯ ನಮ್ಮ ಮನೆತನಕ್ಕೂ ಗೊತ್ತು. ಆಮೇಲೆ ಬಂದ ಒಂದೊಂದು ಸುಧಾರಣೆಯೂ ಕೌಂಟರನ್ನು ಸುಧಾರಿಸಿತು, ರಸೀದಿಯನ್ನು ಸುಧಾರಿಸಿತು. ಹೊಲದವರೆಗೆ ನಡೆದು ಹೋಗುವ ಕಾಲು ಮಾತ್ರ ಅದೇ ಎರಡು. ಆಡಳಿತ ಸುಧಾರಣಾ ಆಯೋಗಕ್ಕೆ ನಮ್ಮ ಅರಸೀಕೆರೆ ಕಡೆಯವರೇ ಆದ ಹಾರನಹಳ್ಳಿ ರಾಮಸ್ವಾಮಿಯವರು ಅಧ್ಯಕ್ಷರಾಗಿದ್ದರು. 2001ರಲ್ಲಿ ವರದಿ ಬಂದಾಗ ಊರಿನ ಅಭಿಮಾನಕ್ಕೆ ನಾನು ಸಂಪುಟ ತರಿಸಿಕೊಂಡು ಓದಿದ್ದೆ. ಓದಿ, ಬೀರುವಿನ ಮೇಲಿಟ್ಟೆ. ಇಪ್ಪತ್ತು ವರ್ಷದ ಮೇಲೆ, 2021ರಲ್ಲಿ, ಟಿ.ಎಂ. ವಿಜಯಭಾಸ್ಕರ್ ಅವರ ಅಧ್ಯಕ್ಷತೆಯಲ್ಲಿ ಎರಡನೇ ಆಯೋಗ ನೇಮಕವಾದ ಸುದ್ದಿ ಓದಿದಾಗ ನನಗೆ ಆ ನೋಟುಬುಕ್ಕೇ ನೆನಪಾದದ್ದು.

ಜನವರಿಯಲ್ಲಿ ಪೌತಿ ಖಾತೆಯ ಅರ್ಜಿ ಹೋಯಿತು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಊರಿನವರೆಲ್ಲ, "ಬೆಂಗ್ಳೂರಲ್ಲಿದ್ದೋರು, ಒಂದು ಫೋನ್ ಮಾಡ್ಸಿ ಸಾ" ಅನ್ನುತ್ತಿದ್ದರು. ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನು ಮಾಡಿದೆ, ಅವರು ಇನ್ಯಾರಿಗೋ ಮಾಡಿದರು. ಎರಡೇ ದಿನದಲ್ಲಿ ಕಡತ ಎರಡು ಮೇಜು ದಾಟಿತು. ಮೂರನೇ ಮೇಜಿನವರು ಹೆದರಿದರು. ನಾಲ್ಕು ಎಕರೆಯ ಪೌತಿ ಖಾತೆಗೆ ರಾಜಧಾನಿಯಿಂದ ಫೋನು ಬರುತ್ತದೆ ಅಂದರೆ ಒಳಗೆ ಏನೋ ಇರಲೇಬೇಕು ಅಂತ ಅವರ ಲೆಕ್ಕ. ಅಡಿಯಿಂದ ಮುಡಿಯವರೆಗೆ ಜಾಲಾಡಿದರು. ಸಿಕ್ಕೇಬಿಟ್ಟಿತು: ಪಹಣಿಯಲ್ಲಿ ವಿಸ್ತೀರ್ಣ 4 ಎಕರೆ 6 ಗುಂಟೆ, ಸರ್ವೆಯವರ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್‌ನಲ್ಲಿ 3 ಎಕರೆ 38 ಗುಂಟೆ. ಎಂಟು ಗುಂಟೆ ತಾಳೆಯಿಲ್ಲ. ಫೋನು ಹೋಗದಿದ್ದರೆ ಫೆಬ್ರವರಿಗೆ ಖಾತೆ ಆಗಿರುತ್ತಿತ್ತು ಅಂತ ಆಮೇಲೆ ಅಲ್ಲಿಯ ಗುಮಾಸ್ತರೇ ಕಾಫಿ ಕುಡಿಯುತ್ತಾ ಹೇಳಿದರು.

ಆ ಎಂಟು ಗುಂಟೆ ಹುಡುಕಲು ದಾಖಲೆ ಕೊಠಡಿಗೆ ಹೋದೆ. ನಿವೃತ್ತಿಗೆ ಹತ್ತಿರವಿದ್ದ ಒಬ್ಬರು ಅಲ್ಲಿದ್ದರು. ಸರ್ವೆ ನಂಬರು ಕೇಳಿದರು, ಎದ್ದರು, ಕೆಂಪು ಬಟ್ಟೆಯ ರುಮಾಲುಗಳ ಸಾಲಿನಲ್ಲಿ ಬೆರಳಾಡಿಸುತ್ತಾ ಹೋಗಿ ಒಂದನ್ನು ಎಳೆದರು. ಧೂಳು, ಗುಗ್ಗುಳದ ಹಾಗೆ ಒಂದು ವಾಸನೆ. "ಟಿಪ್ಪಣಿ ನೋಡ್ಬಿಡಿ ಸಾರ್, ಎಲ್ಲಾ ಅದ್ರಲ್ಲೇ ಇರ್ತದೆ" ಅಂದರು.

ಟಿಪ್ಪಣಿ ಅನ್ನುವ ಪದ ಕೇಳಿದರೆ 37 ವರ್ಷ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಹಸಿರು ಹಾಳೆ. ಅದರಲ್ಲಿ ಕಂಡಿಕೆ 1ರಿಂದ ಶುರುವಾಗಿ, "ಮೇಲಿನ ಕಂಡಿಕೆಗಳಲ್ಲಿ ವಿವರಿಸಿರುವಂತೆ" ಅಂತ ತಿರುವು ತೆಗೆದುಕೊಂಡು, "ಆದೇಶಕ್ಕಾಗಿ ಮಂಡಿಸಿದೆ" ಅಂತ ಮುಗಿಯುವ ಬರಹ. ಇ-ಆಫೀಸು ಬಂದ ಮೇಲೂ ಕಂಪ್ಯೂಟರಿನ ಆ ಹಾಳೆಗೆ ಹಸಿರು ಬಣ್ಣವನ್ನೇ ಉಳಿಸಿಕೊಂಡಿದ್ದಾರೆ. ನನ್ನ ಟಿಪ್ಪಣಿಗೆ ಹೆಸರಿತ್ತು. ಯಾವ ಕಡೆಯಿಂದ ಎಳೆದರೂ ಬಿಚ್ಚಿಕೊಳ್ಳದ ಹಾಗೆ ಬರೆಯುತ್ತೇನೆ ಅಂತ.

ಸರ್ವೆಯವರ ಟಿಪ್ಪಣಿ ಬೇರೆ. ಅಂಗೈ ಅಗಲದ ಕಾಗದದಲ್ಲಿ ನಮ್ಮ ಹೊಲದ ಆಕಾರ, ಕೈಯಲ್ಲಿ ಎಳೆದದ್ದು. ಸ್ಕೇಲಿಗೆ ಸರಿಯಾಗಿ ಬರೆದ ನಕ್ಷೆಯಲ್ಲ. ಆದರೆ ಒಂದೊಂದು ಗೆರೆಯ ಮೇಲೂ ಸರಪಳಿ, ಆಣೆಯಲ್ಲಿ ಅಳತೆ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. ಸರಪಳಿ ಉದ್ದ ಸರಪಳಿ ಅಗಲವಾದರೆ ಒಂದು ಗುಂಟೆ. ಮೂಲೆಯಲ್ಲೊಂದು ಕಲ್ಲಿನ ಗುರುತು. ದಕ್ಷಿಣಕ್ಕೆ ಓರೆಯಾಗಿ ಎರಡು ಡೊಂಕು ಗೆರೆ, ನಡುವೆ ಪುಟ್ಟ ಅಕ್ಷರದಲ್ಲಿ "ಹಳ್ಳ". ಇದನ್ನು ಬರೆದವನು ಆ ಹಳ್ಳಕ್ಕೆ ಇಳಿದು ಹತ್ತಿದ್ದಾನೆ. ಬೇಲಿಯ ಮುಳ್ಳು ಚುಚ್ಚಿಸಿಕೊಂಡಿದ್ದಾನೆ. ತನ್ನ ಅಭಿಪ್ರಾಯ ಅಂತ ಒಂದು ಪದ ಬರೆದಿಲ್ಲ.

ಎಂಟು ಗುಂಟೆ ಸಿಕ್ಕಿತು. ಅದೇ ಹಳ್ಳ, ಸಾಗುವಳಿಗೆ ಬಾರದ ಖರಾಬು. ಆಕಾರ್‌ಬಂದ್ ಅದನ್ನು ಕಳೆದಿತ್ತು, ಪಹಣಿ ಕಳೆದಿರಲಿಲ್ಲ. ಕೈಬರಹದ ಪಹಣಿಯನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸುವಾಗ ಖರಾಬಿನ ಅಂಕಣ ಖಾಲಿ ಉಳಿದಿತ್ತು. 2000ದ ಆಸುಪಾಸಿನಲ್ಲಿ ತಾಲ್ಲೂಕುಗಳಿಂದ "ದತ್ತಾಂಶ ನಮೂದು ಪೂರ್ಣ" ಅಂತ ವರದಿ ಬರುತ್ತಿದ್ದವು. ಅವನ್ನು ಒಂದು ತಃಖ್ತೆಗೆ, ಅಂದರೆ ಪಟ್ಟಿಗೆ, ಸೇರಿಸಿ ಕೆಂಪು ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿ ಮೇಲೆ ಕಳಿಸುವ ಕೆಲಸ ಕೆಲವು ತಿಂಗಳು ನನ್ನದಾಗಿತ್ತು. ನಮ್ಮ ತಾಲ್ಲೂಕಿನ ಮುಂದೆ ಗುರುತು ಹಾಕುವಾಗ ಒಂಚೂರು ಹೆಮ್ಮೆಯಾಗಿತ್ತು ಅಂತ ಕೂಡ ನೆನಪಿದೆ. ಭೂಮಿ ಯೋಜನೆ ಕೆಟ್ಟದ್ದು ಅಂತ ಹೇಳುತ್ತಿಲ್ಲ. 15 ರೂಪಾಯಿಗೆ ಯಾರ ಕೈಕಾಲೂ ಹಿಡಿಯದೆ ಪಹಣಿ ಸಿಕ್ಕಿದಾಗ ಜನ ಅದನ್ನು ಕಣ್ಣಿಗೊತ್ತಿಕೊಂಡದ್ದನ್ನು ನೋಡಿದ್ದೇನೆ. ನನ್ನ ಗುರುತಿನ ಕೆಳಗೆ ಒಂದು ಹಳ್ಳ ಹೂತುಹೋಗಿತ್ತು, ಅಷ್ಟೇ.

ಆ ಹಳ್ಳದಲ್ಲಿ ಈಗ ನೀರೂ ಇಲ್ಲ. ತಮ್ಮ ಅದನ್ನು ಸಮತಟ್ಟು ಮಾಡಿ ಹನ್ನೆರಡು ತೆಂಗಿನ ಸಸಿ ನೆಟ್ಟಿದ್ದಾನೆ. ದಾಖಲೆ ಕೊಠಡಿಯಿಂದ ಬಂದು ಹೇಳಿದಾಗ, "ಅದು ಹಳ್ಳ ಅಂತ ನಂಗೊತ್ತಿತ್ತಲ್ಲ, ನನ್ನೇ ಕೇಳಿದ್ರೆ ಹೇಳ್ತಿದ್ದೆ" ಅಂದ.

ತಿದ್ದುಪಡಿಗೆ ಅರ್ಜಿ ಕೊಟ್ಟೆ. ಮಾರ್ಚ್ 10ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು, ಏಪ್ರಿಲ್ 18ಕ್ಕೆ ಹಾಸನದಲ್ಲಿ ಮತದಾನ, ಮೇ 23ಕ್ಕೆ ಎಣಿಕೆ. ಅಷ್ಟು ದಿನ ಕಚೇರಿಯಲ್ಲಿ ಫ್ಯಾನು ಮಾತ್ರ ತಿರುಗುತ್ತಿತ್ತು. ಈ ಸಲ ಯಾರಿಗೂ ಫೋನು ಮಾಡಿಸಲಿಲ್ಲ. ಅರಕಲಗೂಡಿಗೆ ಹೋಗಿ ಅತ್ತೆಯನ್ನು ನೋಡಿಕೊಂಡು ಬಂದೆ. ನಿಮ್ಮ ಹೆಸರೂ ಖಾತೆಯಲ್ಲಿ ಬರುತ್ತದೆ ಅಂದೆ. ಅವರಿಗೆ ಕಿವಿ ಮಂದ. ಮಗ ಕೂಗಿ ಹೇಳಿದ ಮೇಲೆ, "ಅಪ್ಪನ ಹೆಸರಿನ ಕೆಳಗಾ?" ಅಂತ ಕೇಳಿದರು. ಹೌದು ಅಂದೆ. ಒಳಗೆ ಹೋಗಿ ಎರಡು ಹಲಸಿನ ಹಪ್ಪಳದ ಕಟ್ಟು ತಂದು ಚೀಲಕ್ಕೆ ಹಾಕಿದರು.

ಜೂನ್ ಮೊದಲ ವಾರ ಖಾತೆಯಾಯಿತು. ನಾಡಕಚೇರಿಯಲ್ಲಿ ಹೊಸ ಪಹಣಿ ತೆಗೆಸಿದೆ. ಕಾಲಂ 9ರಲ್ಲಿ ನಾಲ್ಕು ಹೆಸರು, ಖರಾಬು 8 ಗುಂಟೆ. ಗ್ರಾಮ ಲೆಕ್ಕಿಗೆ ಒಂದು ಮಾತು ಹೇಳೋಣ ಅಂತ ವಿಚಾರಿಸಿದರೆ, ಬೇರೆ ವೃತ್ತಕ್ಕೆ ವರ್ಗವಾಗಿದೆ, ಹೊಸಬರು ಇನ್ನೂ ಬಂದಿಲ್ಲ ಅಂದರು.

ಊರಿಗೆ ಹೋದಾಗ ತಮ್ಮ ಹೊಲದಲ್ಲಿದ್ದ. ಜಲಂಧರ್ ಬಿತ್ತನೆಗೆಡ್ಡೆಯ ಮೂಟೆ ಬಿಚ್ಚಿ ಹೆಂಗಸರು ಕಣ್ಣಿರುವ ಹಾಗೆ ಹೋಳು ಮಾಡುತ್ತಿದ್ದರು. ಕೈ ಮಣ್ಣಾಗಿತ್ತು, ಪಹಣಿಯನ್ನು ಹಿಡಿಯಲಿಲ್ಲ. ನಾನೇ ಅವನ ಮುಖದೆದುರು ಹಿಡಿದೆ. ಮೇಲಿಂದ ಕೆಳಗೆ ಒಮ್ಮೆ ನೋಡಿದ. "ಸರಿ. ಜೇಬಲ್ಲಿಟ್ಕೋ, ಮಳೆ ಬರೋ ಹಾಗಿದೆ" ಅಂದು ಸಾಲಿಗೆ ಬಾಗಿದ.